ದೇವಿಮನೆ ಘಟ್ಟದ ದಾರಿ

ನಮ್ಮ ನಾಡಿನಲ್ಲಿ ಹೆಸರಾದ ದಾರಿಗಳು ಕೆಲವಿದ್ದರೆ ಹೆಸರಿಲ್ಲದೆ ದುಡಿಯುವ ದಾರಿಗಳು ಅನೇಕವಿವೆ. ಆಗುಂಬೆಯ ಘಟ್ಟವನ್ನು ಸೂರ್ಯಾಸ್ತದ ನೆಪದಿಂದ ಎಲ್ಲರೂ ಬಲ್ಲರು. ಜೋಗದ ಜಲಪಾತವನ್ನು ನೋಡಹೋದವರು ಗೇರುಸೊಪ್ಪೆಯ ಘಟ್ಟವನ್ನೂ ಕೊಂಡಾಡುವರು. ಆದರೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಮಟೆಯಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದ ದಾರಿಯನ್ನು ಆ ಸೀಮೆಯವರ ಹೊರತು ನೆನೆಯುವವರು ಕಡಿಮೆ. ಇದರ ಉದ್ದ ಸುಮಾರು 60 ಕಿಲೋಮೀಟರು. ಕಡಲಂಚಿನಲ್ಲಿ ಮೊದಲಾಗಿ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರು ಎತ್ತರದಲ್ಲಿರುವ ಶಿರಸಿಯಲ್ಲಿ ಈ ದಾರಿ ಮುಗಿಯುವುದು. ಬಸ್ಸಿನಲ್ಲಿ ಕುಳಿತವನಿಗೆ ಇದು ಎರಡು ಗಂಟೆಯ ಪ್ರಯಾಣ. ಆದರೂ ಈ ಸಣ್ಣ ದಾರಿಯ ಕತೆಯಲ್ಲಿ ಅಮೆರಿಕೆಯ ಯುದ್ಧ, ಇಂಗ್ಲೆಂಡಿನ ಗಿರಣಿಗಳು, ಧಾರವಾಡದ ಎರೆಹೊಲಗಳು, ಮಲೆನಾಡಿನ ಅಡಿಕೆಯ ತೋಟಗಳು ಎಲ್ಲವೂ ಸೇರಿವೆ. ನಾವು ಈ ದಾರಿಯಲ್ಲಿ ಹಲವು ಸಲ ಹತ್ತಿ ಇಳಿದವರಾದುದರಿಂದ ಅದರ ವೃತ್ತಾಂತವನ್ನು ವಾಚಕರ ಮುಂದಿಡಲು ಬಯಸಿದ್ದೇವೆ.

ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂಬ ಭೇದವು ಆ ಜಿಲ್ಲೆಯಲ್ಲಿ ಬಹಳ ಹಳೆಯದು. ಮೇಲಿನವರಿಗೆ ಅಡಿಕೆ, ಮೆಣಸು, ಏಲಕ್ಕಿಗಳುಂಟು, ಉಪ್ಪಿಲ್ಲ. ಕೆಳಗಿನವರಿಗೆ ಉಪ್ಪು, ತೆಂಗು, ಮೀನುಗಳುಂಟು, ಸಂಬಾರ ಪದಾರ್ಥಗಳಿಲ್ಲ. ಒಬ್ಬರಲ್ಲಿ ಇಲ್ಲದುದು ಇನ್ನೊಬ್ಬರಲ್ಲಿ ಇದ್ದಮೇಲೆ ನಡುವೆ ಎಷ್ಟು ದೊಡ್ಡ ಬೆಟ್ಟವಿದ್ದರೂ ದಾರಿಯೊಂದು ಹುಟ್ಟಲೇಬೇಕು. ಗಾಡಿ ಹೋಗುವ ರಸ್ತೆಗಳಾಗುವ ಮುನ್ನ ಸಹ್ಯಾದ್ರಿಯ ಈ ಭಾಗದಲ್ಲಿ ಅನೇಕ ಕಾಲುದಾರಿಗಳಿದ್ದವು. ಹೇರೆತ್ತುಗಳು ಬೆನ್ನಿನ ಎರಡು ಪಕ್ಕಕ್ಕೂ ಗೋಣಿಗಳನ್ನು ತೂಗಿಕೊಂಡು, ಕೊರಳಿನ ಗಂಟೆ ನುಡಿಸುತ್ತ, ಸಾಲಾಗಿ ಈ ದಾರಿಗಳಲ್ಲಿ ನಡೆಯುತ್ತಿದ್ದವು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಮೇಲಕ್ಕೆ ಹೋಗುತ್ತಿದ್ದಿತು. ಸೋದೆ, ಶಿರಸಿಗಳ ಕಡೆಯ ಮೆಣಸು ಕೆಳಕ್ಕೆ ಬರುತ್ತಿದ್ದಿತು. ಈ ಮೆಣಸಿಗಾಗಿಯೇ ಪೋರ್ಚುಗೀಸರು ಈ ಕರಾವಳಿಯನ್ನು ಸುತ್ತಿದರು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಕುಮಟೆಯ ಉತ್ತರಕ್ಕೆ ಅಘನಾಶಿನಿಯ ಸಮೀಪದಲ್ಲಿರುವ ಮಿರ್ಜಾನದ ಕೋಟೆಯನ್ನು ಕಟ್ಟಿಸಿದವಳು ಆಕೆಯೇ ಎಂದು ಅಲ್ಲಿಯ ಜನ ಇಂದಿಗೂ ಹೇಳುವರು.

ಆದರೆ ದೇವಿಮನೆಯ ಹಾದಿಯನ್ನು ಗಾಡಿಯ ರಸ್ತೆಯಾಗಿ ಮಾಡಿದ್ದು ಮೆಣಸೂ ಅಲ್ಲ, ಉಪ್ಪೂ ಅಲ್ಲ; ಹತ್ತಿ. ಇದನ್ನು ತುಸು ವಿವರಿಸಬೇಕಾಗಿದೆ. ಕುಮಟೆಯ ಸುತ್ತಮುತ್ತ ಹತ್ತಿಯ ಬೆಳೆ ಎಲ್ಲಿಯೂ ಇಲ್ಲ. ಅಲ್ಲಿ ಬೀಳುವ ಮಳೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ್ದು. ಅಂಥ ಮಳೆಯಲ್ಲಿ ಹತ್ತಿಯ ಗಿಡ ಬದುಕದು. ಹೀಗಿದ್ದರೂ 19ನೆಯ ಶತಮಾನದಲ್ಲಿ ಮುಂಬಯಿಯ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ‘ಕುಮಟಾ ಹತ್ತಿ’ ಎಂಬುದು ಮನೆಮಾತಾಗಿತ್ತು. ಧಾರವಾಡ, ಹುಬ್ಬಳ್ಳಿ, ಗದಗ, ರಾಣೆಬೆನ್ನೂರುಗಳ ಕಡೆಯ ಕರಿಯ ನೆಲದಲ್ಲಿ ಬೆಳೆದ ದೇಶೀ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಬೆಳೆದ ನೆಲವನ್ನು ಬಿಟ್ಟು ಸಾಗಿಸಿದ ಊರಿನ ಹೆಸರನ್ನು ಹೊತ್ತ ಬೆಳೆ ಇದು. ಹೊರಗಿನ ವ್ಯಾಪಾರಿಗೆ ಹೊಲ ಕಾಣುವುದಿಲ್ಲ, ಬಂದರು ಮಾತ್ರ ಕಾಣುವುದು. ಮುಂದೆ ಕುಮಟೆಯ ಬಂದರು ಬಡವಾದ ಮೇಲೂ ಆ ಜಾತಿಯ ಹತ್ತಿಗೆ ಹೆಸರು ಉಳಿಯಿತು. ಧಾರವಾಡದ ಸೀಮೆಯ ರೈತರು ಬಲ್ಲ ‘ಜಯಧರ’ವೂ ಇದೇ ಕುಲಕ್ಕೆ ಸೇರಿದ ತಳಿ.

19ನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ಲಂಕಾಶೈರ್ ಸೀಮೆಯ ಗಿರಣಿಗಳಿಗೆ ಬೇಕಾದ ಹತ್ತಿಯ ಬಹುಭಾಗವು ಅಮೆರಿಕೆಯಿಂದ ಬರುತ್ತಿದ್ದಿತು. ಒಂದೇ ದೇಶವನ್ನು ನೆಚ್ಚಿಕೊಂಡಿರುವುದು ಅಪಾಯವೆಂದು ಗಿರಣಿಗಳ ಒಡೆಯರು ಬಹುದಿನಗಳಿಂದ ಅಂಜಿದ್ದರು. ಹಿಂದುಸ್ಥಾನದ ಹತ್ತಿ ಅಗ್ಗವಾದರೂ ಹೊಲದಿಂದ ಬಂದರಿಗೆ ಬರುವ ದಾರಿ ಸರಿಯಿಲ್ಲವೆಂಬುದು ಅವರ ದೊಡ್ಡ ದೂರು. ಹೇರೆತ್ತಿನ ಮೇಲೆ ಬಂದ ಹತ್ತಿಯಲ್ಲಿ ದೂಳು ಕಸಗಳು ಸೇರುತ್ತಿದ್ದವು. ಮಳೆ ಹಿಡಿದರೆ ಮಾಲೆಲ್ಲ ಕೆಡುತ್ತಿದ್ದಿತು. ಆದುದರಿಂದ ಧಾರವಾಡದ ಹತ್ತಿಯ ನೆಲಕ್ಕೂ ಕಡಲಿಗೂ ಗಾಡಿಯ ರಸ್ತೆ ಬೇಕೆಂದು ಅವರು ಒತ್ತಾಯಿಸಿದರು. 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧವು ತೊಡಗಿ, ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿದಾಗ ಈ ಒತ್ತಾಯ ಇಮ್ಮಡಿಯಾಯಿತು. ಹತ್ತಿಯ ಬೆಲೆ ಏರುತ್ತ ಹೋಯಿತು. ಅದೇ ವೇಳೆಗೆ ಆಡಳಿತದಲ್ಲಿಯೂ ಒಂದು ಬದಲಾವಣೆ ನಡೆಯಿತು. ಅದುವರೆಗೆ ಕನ್ನಡ ಜಿಲ್ಲೆಯು ಒಂದೇ ಆಗಿ ಮದರಾಸು ಆಧಿಪತ್ಯದಲ್ಲಿದ್ದಿತು. 1860ರ ಸುಮಾರಿಗೆ ಅದನ್ನು ಉತ್ತರ ದಕ್ಷಿಣವೆಂದು ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದರು. ಧಾರವಾಡವು ಮೊದಲೇ ಮುಂಬಯಿಗೆ ಸೇರಿದ್ದಿತು. ಹತ್ತಿಯ ಹೊಲವೂ ಹತ್ತಿಯ ಬಂದರೂ ಒಂದೇ ಸರಕಾರದ ಕೈಕೆಳಗಿರಬೇಕೆಂಬುದು ಆ ಮಾರ್ಪಾಟಿನ ಮುಖ್ಯ ಕಾರಣಗಳಲ್ಲಿ ಒಂದು. ಒಂದು ಬೆಳೆಯ ಸಲುವಾಗಿ ಒಂದು ಜಿಲ್ಲೆ ಎರಡಾಯಿತೆಂದರೆ ವಾಚಕರು ಅಚ್ಚರಿಪಡಬಹುದು. ಆದರೆ ಆ ಗಡಿ 1956ರವರೆಗೂ ಕನ್ನಡಿಗರನ್ನು ಎರಡು ಪ್ರಾಂತಗಳಲ್ಲಿ ಇಟ್ಟಿದ್ದಿತು.

ಹೊಸ ಸರಕಾರವು ಕಾರವಾರವನ್ನು ದೊಡ್ಡ ಬಂದರಾಗಿ ಮಾಡಲು ಮನಸ್ಸು ಮಾಡಿತು. ಅಲ್ಲಿಯ ಕೊಲ್ಲಿ ಆಳವಾದುದು, ಗಾಳಿಗೆ ಮರೆಯಾದುದು. ಕುಮಟೆಗೆ ಆ ಭಾಗ್ಯವಿರಲಿಲ್ಲ. ಅಲ್ಲಿಯ ಅಳಿವೆ ಕಿರಿದು, ಹಡಗುಗಳು ದೂರದ ಬಯಲು ಕಡಲಿನಲ್ಲಿ ಲಂಗರು ಹಾಕಿ ನಿಲ್ಲಬೇಕು, ಮಾಲನ್ನು ದೋಣಿಗಳಲ್ಲಿ ಒಯ್ದು ಏರಿಸಬೇಕು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿಯವರು ಕಾರವಾರದ ಎದುರಿಗಿರುವ ಸದಾಶಿವಗಡಕ್ಕೆ ಹತ್ತಿ ಒತ್ತುವ ಯಂತ್ರಗಳನ್ನು ಕಳುಹಿಸಿದರು. ಯಂತ್ರಗಳು ಬಂದವು, ಅವುಗಳನ್ನು ಇಳಿಸಲು ಧಕ್ಕೆ ಇರಲಿಲ್ಲ, ಹತ್ತಿಯನ್ನು ತರಲು ರಸ್ತೆ ಮುಗಿದಿರಲಿಲ್ಲ. ಆ ಕಂಪನಿ ಕೆಲವೇ ವರ್ಷಗಳಲ್ಲಿ ಕೆಲಸವನ್ನು ಮುಚ್ಚಿತು. ಈ ನಡುವೆ, ಯಾರ ದೊಡ್ಡ ಯೋಜನೆಯೂ ಇಲ್ಲದ ಕುಮಟೆಯು ಗಾಡಿಗಳನ್ನು ಬರಮಾಡಿಕೊಳ್ಳುತ್ತಲೇ ಇದ್ದಿತು. ಬಂದರು ಚೆನ್ನಾಗಿಲ್ಲದಿದ್ದರೂ ದಾರಿ ಇದ್ದಿತು, ವರ್ತಕರಿದ್ದರು, ಗಾಡಿಯವರಿಗೆ ರೂಢಿಯಾಗಿದ್ದಿತು. ವ್ಯಾಪಾರವು ಸರಕಾರದ ಅಪ್ಪಣೆಗಿಂತ ರೂಢಿಯನ್ನು ಹೆಚ್ಚು ಮನ್ನಿಸುವುದೆಂಬುದಕ್ಕೆ ಇದು ನಿದರ್ಶನ.

ಆ ಕಾಲದ ಸಾಗಾಟವನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಹುಬ್ಬಳ್ಳಿಯಿಂದ ತಡಸ, ಮುಂಡಗೋಡಗಳ ಮೇಲಿಂದ ಶಿರಸಿಗೆ 100 ಕಿಲೋಮೀಟರು. ಅಲ್ಲಿಂದ ಕುಮಟೆಗೆ 60. ಹೊರೆ ಹೊತ್ತ ಎತ್ತಿನ ಗಾಡಿ ದಿನಕ್ಕೆ 15ರಿಂದ 20 ಕಿಲೋಮೀಟರು ನಡೆದರೆ ಹೆಚ್ಚು. ಹೀಗಾಗಿ ಮನೆ ಬಿಟ್ಟ ಗಾಡಿಯವನು ಕಡಲನ್ನು ಕಾಣಲು ಎಂಟು ಹತ್ತು ದಿನ ಬೇಕು, ಹಿಂದಿರುಗಲು ಮತ್ತಷ್ಟು. ಎರೆಯ ಹೊಲದ ಹತ್ತಿಯನ್ನು ಬಿಡಿಸುವುದು ಬೇಸಗೆಯಲ್ಲಿ. ಜೂನ್ ತಿಂಗಳು ಬಂದರೆ ಕಡಲು ಕೆರಳುವುದು, ಹಡಗುಗಳು ದಡ ಸೇರುವುವು, ಘಟ್ಟದ ದಾರಿ ಕೆಸರಾಗುವುದು. ನಡುವಿನ ಆ ಕೆಲವೇ ವಾರಗಳಲ್ಲಿ ಎಲ್ಲ ಅಂಡಿಗೆಗಳೂ ಕೆಳಗಿಳಿಯಬೇಕು. ಒಂದರ ಹಿಂದೊಂದು ಗಾಡಿಗಳು. ಇಳಿಜಾರಿನಲ್ಲಿ ಚಕ್ರಕ್ಕೆ ತಡೆಗಟ್ಟಿ, ನೊಗಕ್ಕೆ ಕೈಕೊಟ್ಟು, ಎತ್ತುಗಳನ್ನು ಹೆಸರು ಹಿಡಿದು ಕೂಗುವ ಬಯಲುಸೀಮೆಯ ಒಕ್ಕಲಿಗರು. ರಾತ್ರಿ ಬಯಲಿನಲ್ಲಿ ಬೆಂಕಿ ಹಾಕಿ ರೊಟ್ಟಿ ಸುಡುವ ಹೊಗೆ. ಕುಮಟೆಯಲ್ಲಿ ಹತ್ತಿ ಇಳಿಸಿ ಪತ್ತೆಮಾರಿಗಳಿಗೆ ಒಪ್ಪಿಸಿದ ಮೇಲೆ ಬರಿಗಾಡಿ ಹಿಂದಿರುಗುವುದುಂಟೇ? ಉಪ್ಪು, ತೆಂಗಿನಕಾಯಿಗಳನ್ನು ತುಂಬಿಕೊಂಡು ಮತ್ತೆ ಘಟ್ಟ ಹತ್ತುತ್ತಿದ್ದರು. ಈ ದಾರಿಯ ತಿರುವುಗಳು ಎತ್ತಿನ ಕಾಲಿಗೆಂದು ಹಾಕಿದ ತಿರುವುಗಳು. ಎತ್ತು ನೇರವಾಗಿ ಬೆಟ್ಟವನ್ನು ಏರಲಾರದು; ಆದುದರಿಂದ ದಾರಿ ಬೆಟ್ಟದ ಮೈಯನ್ನು ಬಳಸಿ, ಹಳ್ಳದ ತಲೆಯವರೆಗೆ ಹೋಗಿ, ಮತ್ತೆ ಹೊರಳಿ, ಎತ್ತಿನ ಉಸಿರಿಗೆ ತಕ್ಕಷ್ಟು ಮಾತ್ರ ಮೇಲಕ್ಕೆ ಹೋಗುವುದು.

1865ರಲ್ಲಿ ಅಮೆರಿಕೆಯ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಎಷ್ಟೋ ಸಾಹುಕಾರರು ದಿವಾಳಿಯಾದರು. ಆದರೂ ದೇವಿಮನೆಯ ದಾರಿಗೆ ಆಗಲೇ ಕೊನೆಯ ಪೆಟ್ಟು ಬೀಳಲಿಲ್ಲ. ಅದು ಬಂದುದು ಇನ್ನೊಂದು ಎರಡು ದಶಕಗಳ ಮೇಲೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಧಾರವಾಡ ಹುಬ್ಬಳ್ಳಿಗಳಿಗೆ ಕಬ್ಬಿಣದ ಹಾದಿಯನ್ನು ಹಾಕಿದರು. ಗೋವೆಯ ಮುರಗಾವಿನ ಬಂದರಿನಿಂದ ಕ್ಯಾಸಲ್‌ರಾಕಿನ ಘಟ್ಟವನ್ನೇರಿ ಬಂದ ಇನ್ನೊಂದು ಹಾದಿ ಆ ದಶಕದ ಕೊನೆಗೆ ಅದನ್ನು ಕೂಡಿಕೊಂಡಿತು. ಹತ್ತು ದಿನದ ದಾರಿ ಒಂದು ದಿನದ್ದಾಯಿತು. ಅಂಡಿಗೆಗಳು ರೈಲನ್ನೇರಿದವು, ಪತ್ತೆಮಾರಿಗಳು ಬೇರೆ ಸರಕನ್ನು ಹುಡುಕಿದವು, ಕುಮಟೆಯ ಹತ್ತಿಯ ವಖಾರಗಳು ಬರಿದಾದವು. ಹತ್ತಿಗಾಗಿ ಬೆಳೆದ ಊರು ಹತ್ತಿಯಿಲ್ಲದೆ ಬದುಕುವುದನ್ನು ಕಲಿಯಬೇಕಾಯಿತು. ಘಟ್ಟದ ದಾರಿಯೂ ಹಾಗೆಯೇ.

ಇಲ್ಲಿಯೇ ಈ ದಾರಿಯ ಕತೆ ಮುಗಿಯಿತೆಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ನಮ್ಮ ಎಣಿಕೆಯಲ್ಲಿ ಅದರ ನಿಜವಾದ ಬಾಳು ಆಗಲೇ ತೊಡಗಿದ್ದು. ಹತ್ತಿಯು ಈ ಸೀಮೆಯನ್ನು ಹಾದುಹೋಗುತ್ತಿದ್ದಿತೇ ಹೊರತು ಈ ಸೀಮೆಯದಾಗಿರಲಿಲ್ಲ. ಅದು ಹೋದ ಮೇಲೆ ದಾರಿ ತನ್ನ ಅಕ್ಕಪಕ್ಕದವರಿಗೆ ಉಳಿಯಿತು. ಅದನ್ನು ಬಲ್ಲುದಕ್ಕೆ ಒಮ್ಮೆ ಕುಮಟೆಯಿಂದ ಶಿರಸಿಯವರೆಗೆ ಹೋಗಬೇಕು.

ಕುಮಟೆಯಿಂದ ಹೊರಟ ದಾರಿ ಕೆಲವು ಕಿಲೋಮೀಟರು ಕರಾವಳಿಯ ಹೆದ್ದಾರಿಯಲ್ಲಿಯೇ ಉತ್ತರಕ್ಕೆ ಹೋಗಿ, ಅಘನಾಶಿನಿಯ ದಡದ ದೀವಗಿಯ ಬಳಿ ಪೂರ್ವಕ್ಕೆ ತಿರುಗುವುದು. ಬೇಸಗೆಯಲ್ಲಿ ಹೋದವರು ರಸ್ತೆಯ ಬದಿಯಲ್ಲಿ ಕುಮಟೆಯ ಸಿಹಿ ಈರುಳ್ಳಿಯನ್ನು ಜಡೆಯಂತೆ ಹೆಣೆದು ತೂಗುಹಾಕಿರುವುದನ್ನು ಕಾಣುವರು. ಮನೆಗೆ ಒಂದು ಜಡೆ ಒಯ್ಯದೆ ಹೋಗುವ ಗೃಹಸ್ಥರು ವಿರಳ. ಅಲ್ಲಿಂದ ಮುಂದೆ ಗದ್ದೆ, ತೆಂಗಿನ ತೋಟಗಳ ನಡುವೆ ದಾರಿ ಸಮವಾಗಿ ಸಾಗಿ ಕತಗಾಲವನ್ನು ಸೇರುವುದು. ಇಲ್ಲಿ ಚಂಡಿಕಾ ಹೊಳೆಯು ರಸ್ತೆಯ ಜೊತೆಗಾರ್ತಿ. ಬೇಸಗೆಯಲ್ಲಿ ಬಂಡೆಗಳ ನಡುವೆ ಮೆಲ್ಲನೆ ಹರಿಯುವ ಈ ಹೊಳೆ ಆಷಾಢದಲ್ಲಿ ಹೆಸರಿಗೆ ತಕ್ಕಂತೆ ಚಂಡಿಯಾಗುವುದು. ಉಕ್ಕಿ ರಸ್ತೆಯ ಮೇಲೆ ಬಂದು, ಬಸ್ಸುಗಳನ್ನೂ ಲಾರಿಗಳನ್ನೂ ಎರಡು ಬದಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದು. ಮಳೆಗಾಲದಲ್ಲಿ ಶಿರಸಿಗೆ ಹೊರಟವರು ‘ಕತಗಾಲದಲ್ಲಿ ನೀರು ಹೇಗಿದೆ?’ ಎಂದು ವಿಚಾರಿಸಿಯೇ ಮನೆ ಬಿಡುವುದು ವಾಡಿಕೆ.

ಕತಗಾಲದ ಆಚೆಯ ಕಾಡಿನಲ್ಲಿ ಯಾಣವಿದೆ. ‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆಯನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಹಣವಿದ್ದವನು ಗೋಕರ್ಣದಲ್ಲಿ ದಾನಧರ್ಮ ಮಾಡಬಲ್ಲನು; ಮೈಯಲ್ಲಿ ಕಸುವಿದ್ದವನು ಮಾತ್ರ ಕಾಡು ಹೊಕ್ಕು ಯಾಣವನ್ನು ಕಾಣಬಲ್ಲನು ಎಂದು ಅದರ ತಾತ್ಪರ್ಯ. ಅಲ್ಲಿ ಕಪ್ಪು ಸುಣ್ಣಕಲ್ಲಿನ ಎರಡು ಭಾರಿ ಶಿಖರಗಳು ಕಾಡಿನ ಮೇಲೆ ತಲೆಯೆತ್ತಿವೆ. ಭೈರವೇಶ್ವರ ಶಿಖರದ ಎತ್ತರ 120 ಮೀಟರು, ಮೋಹಿನೀ ಶಿಖರದ್ದು 90 ಮೀಟರು. ಮೊದಲನೆಯದರ ಬುಡದ ಗುಹೆಯಲ್ಲಿರುವ ಶಿವಲಿಂಗದ ಮೇಲೆ ಕಲ್ಲಿನಿಂದ ನೀರು ತಾನಾಗಿ ತೊಟ್ಟಿಕ್ಕುವುದು. ಶಿವರಾತ್ರಿಯಲ್ಲಿ ಅಲ್ಲಿ ಜಾತ್ರೆ. ಈಗ ವಾಹನಗಳು ಬಹಳ ಹತ್ತಿರದವರೆಗೆ ಹೋಗುವುದರಿಂದ ಸೊಕ್ಕು ಅಷ್ಟಾಗಿ ಬೇಕಾಗಿಲ್ಲ.

ಕತಗಾಲವನ್ನು ಬಿಟ್ಟ ಮೇಲೆ ಏರು ಮೊದಲಾಗುವುದು. ತೆಂಗು ಹಿಂದುಳಿಯುವುದು, ಕಾಡು ಎರಡು ಕಡೆಯಿಂದಲೂ ದಾರಿಯನ್ನು ಕವಿಯುವುದು. ತಿರುವಿನಿಂದ ತಿರುವಿಗೆ ಗಾಳಿ ತಂಪಾಗುತ್ತ ಬರುವುದನ್ನು ಕಿಟಕಿಯ ಬಳಿ ಕುಳಿತವರು ಮೈಯಿಂದಲೇ ತಿಳಿಯಬಹುದು. ಘಟ್ಟದ ನೆತ್ತಿಯಲ್ಲಿ ದೇವಿಯ ಗುಡಿಯೊಂದಿದೆ. ದಾರಿಗೆ ಹೆಸರು ಬಂದುದು ಅದರಿಂದಲೇ. ಹತ್ತಿ ಬಂದವರೂ ಇಳಿಯಹೊರಟವರೂ ಇಲ್ಲಿ ವಾಹನವನ್ನು ನಿಲ್ಲಿಸಿ, ಕೈಮುಗಿದು, ಕಾಣಿಕೆ ಹಾಕಿ ಮುಂದುವರಿಯುವರು. ಎತ್ತಿನ ಗಾಡಿಯ ಕಾಲದಲ್ಲಿ ಎತ್ತುಗಳಿಗೆ ವಿಶ್ರಾಂತಿ ಬೇಕಾಗಿದ್ದಿತು. ಈಗ ಯಂತ್ರಕ್ಕೆ ಅದು ಬೇಕಿಲ್ಲದಿದ್ದರೂ ಮನುಷ್ಯನ ಮನಸ್ಸಿಗೆ ಬೇಕಾಗಿರುವುದೆಂದು ತೋರುವುದು. ದೇವಿಮನೆಯಿಂದಾಚೆಗೆ ದೊಡ್ಡ ಏರಿಲ್ಲ. ಬಂಡಲ, ರಾಗಿಹೊಸಳ್ಳಿ ಮೊದಲಾದ ಊರುಗಳ ನಡುವೆ ಕಾಡು, ಕಣಿವೆಯ ಅಡಿಕೆಯ ತೋಟ, ಸಣ್ಣ ಗದ್ದೆ, ಮತ್ತೆ ಕಾಡು; ಹೀಗೆ ದಾರಿ ಶಿರಸಿಯನ್ನು ಮುಟ್ಟುವುದು.

ಶಿರಸಿಯೆಂದರೆ ಮಾರಿಕಾಂಬೆ. ಆ ದೇವಾಲಯದ ಸ್ಥಾಪನೆ 1688ರಲ್ಲಾಯಿತೆಂದು ಹೇಳುವರು. ಎರಡು ವರ್ಷಗಳಿಗೊಮ್ಮೆ ಫಾಲ್ಗುಣ ಮಾಸದಲ್ಲಿ ನಡೆಯುವ ಆಕೆಯ ಜಾತ್ರೆಗೆ ಘಟ್ಟದ ಕೆಳಗಿನವರು ದೇವಿಮನೆಯ ದಾರಿಯಲ್ಲಿಯೇ ಹತ್ತಿ ಬರುವರು. ಗಾಂಧೀಜಿಯವರು 1934ರಲ್ಲಿ ಹರಿಜನೋದ್ಧಾರದ ಯಾತ್ರೆಯನ್ನು ಕೈಕೊಂಡಾಗ ಶಿರಸಿಗೂ ಬಂದಿದ್ದರು. ಇಲ್ಲಿಯ ಜಾತ್ರೆಯಲ್ಲಿ ಪ್ರಾಣಿಬಲಿಯನ್ನು ನಿಲ್ಲಿಸಿದ ಸಂಗತಿಯು ಆ ಭೇಟಿಯ ನೆನಪಿನೊಂದಿಗೆ ಕೂಡಿಕೊಂಡಿದೆ. ಅದಕ್ಕೆ ನಾಲ್ಕು ವರ್ಷ ಮೊದಲು, 1930ರ ಏಪ್ರಿಲಿನಲ್ಲಿ, ಕೆಳಗಡೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದಿದ್ದಿತು. ಕೆಳಗೆ ಅಂಕೋಲೆಯ ಒಕ್ಕಲುಗಳು, ಮೇಲೆ ಸಿದ್ದಾಪುರದ ಒಕ್ಕಲುಗಳು ಕರನಿರಾಕರಣೆಗೆ ನಿಂತು ಮನೆ ಹೊಲಗಳನ್ನು ಕಳೆದುಕೊಂಡರು. ಘಟ್ಟದ ಮೇಲಿನವರು ಕೆಳಗಿನವರೆಂಬ ಭೇದವು ಆ ದಿನಗಳಲ್ಲಿ ಮರೆತುಹೋಗಿದ್ದಿತು.

ಹಾಗೆಯೇ ದಾರಿಯು ಸಂಸಾರಗಳನ್ನು ಕೂಡಿಸಿತು. ಮೇಲಿನ ಮನೆಗೆ ಕೆಳಗಿನ ಸೊಸೆ, ಕೆಳಗಿನ ಮನೆಗೆ ಮೇಲಿನ ಸೊಸೆ ಬಂದರು. ತೌರಿಗೆ ಹೋದ ಮಗಳು ಇಳಿಯುವಾಗ ಅಪ್ಪೆಮಿಡಿ, ತೊಡದೇವು. ಹತ್ತುವಾಗ ತೆಂಗಿನಕಾಯಿ, ಈರುಳ್ಳಿ. ಇನ್ನು ನಮ್ಮ ಅಡಿಗೆಮನೆಯ ಭರಣಿಯನ್ನೇ ನೋಡಿರಿ: ಮಿಡಿ ಮೇಲಿನ ಹೊಳೆದಂಡೆಯ ಕಾಡುಮಾವಿನದು; ಅದನ್ನು ಕೆಡದಂತೆ ಹಿಡಿದಿಡುವ ಹರಳುಪ್ಪು ಕೆಳಗಿನ ಸಾಣಿಕಟ್ಟೆಯದು. ಎರಡೂ ಸೇರದೆ ಉಪ್ಪಿನಕಾಯಿ ಆಗದು. ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅದು ನೂರು ವರ್ಷ ಮೀರಿ ಇಂದಿಗೂ ನಡೆಯುತ್ತಿದೆ. ಹತ್ತಿಯ ಕಾಲದಲ್ಲಿ ದಲ್ಲಾಳಿಯ ಕೈಯಲ್ಲಿದ್ದ ಬೆಲೆಯನ್ನು ಬೆಳೆದವರೇ ಕೇಳುವಂತಾದುದು ಸಣ್ಣ ಮಾತಲ್ಲ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕುಮಟೆಯ ಹೆಸರನ್ನು ಹೊತ್ತ ಹತ್ತಿ ಕುಮಟೆಯದಾಗಿರಲಿಲ್ಲ. ಶಿರಸಿಯ ಹೆಸರನ್ನು ಹೊತ್ತ ಅಡಿಕೆ ಶಿರಸಿಯ ಸೀಮೆಯದೇ.

ದಾರಿಯ ಇಕ್ಕೆಲದ ಕಾಡಿನ ವಿಷಯವನ್ನೂ ಹೇಳಬೇಕು. ಅಡಿಕೆಯ ತೋಟಕ್ಕೆ ಸೊಪ್ಪಿನ ಗೊಬ್ಬರ ಬೇಕು. ಅದಕ್ಕಾಗಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸುವ ಹಕ್ಕು ಘಟ್ಟದ ಮೇಲಿನ ತೋಟಿಗರಿಗೆ ಬ್ರಿಟಿಷರ ಕಾಲದಿಂದ ಬಂದಿದೆ. ಹೀಗೆ ಇಲ್ಲಿಯ ಕಾಡು ಬರಿಯ ಕಾಡಲ್ಲ, ತೋಟದ ಬೆನ್ನೆಲುಬು. ಆದುದರಿಂದಲೇ 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಗಂಡಸರು ಹೆಂಗಸರು ಕಳಸೆಯ ಕಾಡಿಗೆ ನಡೆದು, ಕಡಿಯುತ್ತಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಈ ತಂಗಿಗೆ ಕನ್ನಡದಲ್ಲಿ ‘ಅಪ್ಪಿಕೋ’ ಎಂದು ಹೆಸರಾಯಿತು. ಅಘನಾಶಿನಿಯ ಕೊಳ್ಳದ ಕಾಡಿನಲ್ಲಿ ಸಿಂಗಳೀಕಗಳು ಉಳಿದಿರುವುದರಿಂದ 2011ರಲ್ಲಿ ಅದರ ಒಂದು ಭಾಗವನ್ನು ಸಂರಕ್ಷಿತ ಮೀಸಲಾಗಿ ಸಾರಿದರು. ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಕುಮಟೆಯ ಬಳಿ ಕಡಲು ಸೇರುವ ಆ ಹೊಳೆಗೆ ಇಂದಿನವರೆಗೂ ದೊಡ್ಡ ಅಣೆಕಟ್ಟೆಯಿಲ್ಲ.

ಈಗ ದಾರಿಯ ಬಾಳಿನಲ್ಲಿ ಮೂರನೆಯ ಅಧ್ಯಾಯ ತೊಡಗಿದೆ. ಅದಕ್ಕೆ ರಾಷ್ಟ್ರೀಯ ಹೆದ್ದಾರಿ 766 ಇ ಎಂಬ ಅಂಕಿತ ದೊರೆತಿದೆ. ಬಂದರುಗಳಿಗೆ ಒಳನಾಡಿನಿಂದ ಒಳ್ಳೆಯ ರಸ್ತೆಗಳಿರಬೇಕೆಂದು ಕೇಂದ್ರ ಸರಕಾರವು 2015ರಲ್ಲಿ ತೊಡಗಿಸಿದ ಸಾಗರಮಾಲಾ ಯೋಜನೆಯಲ್ಲಿ ಇದನ್ನು ಸೇರಿಸಿ, ಅಗಲಗೊಳಿಸುವ ಕೆಲಸವನ್ನು ಕೈಕೊಂಡರು. ಧಾರವಾಡದ ಸರಕನ್ನು ಕಡಲಿಗೆ ಮುಟ್ಟಿಸಬೇಕೆಂದು ನೂರೈವತ್ತು ವರ್ಷಗಳ ಹಿಂದೆ ಹೇಳಿದ ಮಾತೇ ಬೇರೆ ಉಡುಪಿನಲ್ಲಿ ಮರಳಿ ಬಂದಂತಿದೆ. ಕೆಲಸಕ್ಕಾಗಿ ದಾರಿಯ ಬದಿಯ ಮರಗಳು ಉರುಳಿದವು; ಬೆಟ್ಟದ ಮೈಯನ್ನು ಕಡಿದರು; ಸೇತುವೆಗಳನ್ನು ಹೊಸದಾಗಿ ಕಟ್ಟತೊಡಗಿದರು. ವಾಹನಗಳನ್ನು ಹಲವು ಸಲ ತಡೆದು, ದೊಡ್ಡಮನೆ, ಮಾವಿನಗುಂಡಿ, ಅರಬೈಲುಗಳ ಘಟ್ಟಗಳಿಗೆ ತಿರುಗಿಸಿದರು. ಆ ತಿಂಗಳುಗಳಲ್ಲಿ ಘಟ್ಟದ ಅಂಚಿನ ಊರಿನವರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಹತ್ತು ಕಿಲೋಮೀಟರು ದೂರದ ಪೇಟೆಗೆ ಮೂರು ಪಟ್ಟು ಸುತ್ತಬೇಕು. ಶಾಲೆಯ ಮಕ್ಕಳಿಗೆ ಬಸ್ಸಿಲ್ಲ. ರೋಗಿಯನ್ನು ಒಯ್ಯಬೇಕಾದರೆ ಯಾವ ದಾರಿ ತೆರೆದಿದೆಯೆಂಬುದೇ ಮೊದಲ ಚಿಂತೆ.

ರಸ್ತೆ ಅಗಲವಾಗುವುದನ್ನು ನಾವು ಬೇಡವೆನ್ನುವವರಲ್ಲ. ದೊಡ್ಡ ಕಾಯಿಲೆಗೆ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕಾದ ಮಲೆನಾಡಿನವರಿಗೆ ಒಂದು ಗಂಟೆ ಉಳಿದರೂ ಜೀವ ಉಳಿಯಬಹುದು. ಇಕ್ಕಟ್ಟಾದ ತಿರುವಿನಲ್ಲಿ ಎರಡು ವಾಹನಗಳು ಎದುರಾದಾಗ ಪಕ್ಕದ ಕಂದಕವನ್ನು ನೋಡಿ ಉಸಿರು ಬಿಗಿಹಿಡಿದವರು ಹೊಸ ರಸ್ತೆಯನ್ನು ಹರಸದೆ ಇರಲಾರರು. ಆದರೆ ಬೆಟ್ಟಕ್ಕೂ ತನ್ನದೊಂದು ಲೆಕ್ಕವಿದೆ. 2024ರ ಜುಲೈ 16ರಂದು ಇದೇ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಕರಾವಳಿಯ ಹೆದ್ದಾರಿಯ ಮಗ್ಗುಲಿನ ಗುಡ್ಡವು ಕುಸಿದು, ಚಹದ ಅಂಗಡಿ, ವಾಹನಗಳು, ಮನುಷ್ಯರು ಗಂಗಾವಳಿಯ ಪಾಲಾದರು. ಆ ವರ್ಷದ ಮಳೆಯಲ್ಲಿ ಶಿರಸಿಯ ಈ ದಾರಿಯಲ್ಲಿಯೂ ಮಣ್ಣು ಜರಿದು ಸಂಚಾರ ನಿಂತಿದ್ದಿತು. ಎತ್ತಿನ ಕಾಲಕ್ಕೆಂದು ಬೆಟ್ಟವನ್ನು ಬಳಸಿ ಹೋದ ಹಳೆಯ ದಾರಿ ಮಣ್ಣಿಗೆ ಹೆಚ್ಚು ಗಾಯ ಮಾಡಿರಲಿಲ್ಲ. ನೇರವಾಗಬೇಕು, ಅಗಲವಾಗಬೇಕು ಎಂದೊಡನೆ ಗುಡ್ಡದ ಬುಡವನ್ನು ನಿಡಿದಾಗಿ ಕಡಿಯಬೇಕಾಗುವುದು. ಜಂಬಿಟ್ಟಿಗೆಯ ನೆಲ ಬೇಸಗೆಯಲ್ಲಿ ಗೋಡೆಯಂತೆ ನಿಲ್ಲುವುದು. ಶ್ರಾವಣದಲ್ಲಿ ನೀರು ಕುಡಿದು ಭಾರವಾಗಿ ಒಮ್ಮೆಲೆ ಜಾರುವುದು. ಮೇಲೆ ಬೇರೂರಿದ ಮರವಿದ್ದರೆ, ನೀರು ಹರಿದುಹೋಗಲು ಚರಂಡಿಯಿದ್ದರೆ, ಕಡಿದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದರೆ ಅದು ತಡೆದೀತು. ಇದು ಇಂಜಿನಿಯರರಿಗೆ ತಿಳಿಯದ ವಿಷಯವಲ್ಲ. ಅದಕ್ಕೆ ಬೇಕಾದ ಕಾಲವನ್ನೂ ಹಣವನ್ನೂ ಅವರಿಗೆ ಕೊಡುವ ಮನಸ್ಸು ನಮ್ಮದಾಗಬೇಕು.

ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತನ್ನು ಈ ದಾರಿಯ ಚರಿತ್ರೆ ನಮಗೆ ತಿಳಿಸುವುದು. ಸರಕು ಚಂಚಲವಾದುದು. ಅಗ್ಗವಾದ ಹಾದಿಯನ್ನು ಕಂಡ ದಿನ ಅದು ಹಳೆಯದನ್ನು ಬಿಟ್ಟುಹೋಗುವುದು. ಹತ್ತಿ ಹಾಗೆಯೇ ಹೋಯಿತು. 1998ರಲ್ಲಿ ಕೊಂಕಣ ರೈಲ್ವೆಯು ಕುಮಟೆಗೂ ರೈಲನ್ನು ತಂದಿತು. ಘಟ್ಟವೇರುವ ಹುಬ್ಬಳ್ಳಿ ಅಂಕೋಲೆಗಳ ರೈಲಿನ ಹಾದಿಯು ಕಾಡಿನ ನಾಶದ ಪ್ರಶ್ನೆಯಿಂದ ದಶಕಗಳ ಕಾಲ ವಿವಾದದಲ್ಲಿದೆ. ಒಂದು ವೇಳೆ ಅದೂ ಆದರೆ ಸರಕು ಮತ್ತೊಮ್ಮೆ ಕೈಬೀಸಬಹುದು. ಆಗಲೂ ಕತಗಾಲದ ಹುಡುಗಿ ಕಾಲೇಜಿಗೆ ಹೋಗಬೇಕು. ರಾಗಿಹೊಸಳ್ಳಿಯ ತೋಟಿಗನು ಅಡಿಕೆಯನ್ನು ಶಿರಸಿಗೆ ಮುಟ್ಟಿಸಬೇಕು. ಜಾತ್ರೆಗೆ ಜನ ಹತ್ತಬೇಕು. ಬಾಣಂತಿ ತೌರಿನಿಂದ ಇಳಿಯಬೇಕು. ದಾರಿಯನ್ನು ಅಳೆಯುವಾಗ ಎಷ್ಟು ಟನ್ನು ಹಾದುಹೋದೀತೆಂಬುದರ ಜೊತೆಗೆ ಇವರ ಹೆಜ್ಜೆಯನ್ನೂ ಎಣಿಸಬೇಕು. ಬಸ್ಸು ನಿಲ್ಲಲು ತಾವು, ಮಳೆಗೆ ನಿಲ್ಲಲು ಮಾಡು, ದನಕರು ದಾಟಲು ಎಡೆ, ಕಡಿದ ಮರಕ್ಕೆ ಪ್ರತಿಯಾಗಿ ಅದೇ ಕಾಡಿನ ಜಾತಿಯ ಗಿಡ, ಇವೆಲ್ಲ ಹೆದ್ದಾರಿಯ ಅಂದಾಜುಪಟ್ಟಿಯಲ್ಲಿ ಕೊನೆಯ ಸಾಲಾಗಿ ಉಳಿಯಬಾರದು.

ಅನುಕೂಲವಿದ್ದ ವಾಚಕರು ಮಳೆ ನಿಂತ ಮೇಲೆ, ಕಾರ್ತಿಕ ಮಾರ್ಗಶಿರಗಳಲ್ಲಿ, ದಾರಿ ತೆರೆದಿದೆಯೆಂದು ವಿಚಾರಿಸಿಕೊಂಡು ಒಮ್ಮೆ ಈ ಘಟ್ಟವನ್ನು ಹತ್ತಬೇಕು. ಹೊಳೆಗಳಲ್ಲಿ ಆಗಿನ್ನೂ ನೀರಿರುವುದು, ಕಾಡು ತೊಳೆದಿಟ್ಟಂತಿರುವುದು, ತೋಟಗಳಲ್ಲಿ ಅಡಿಕೆಯ ಕೊಯಿಲು ನಡೆದಿರುವುದು. ಸ್ವಂತ ವಾಹನಕ್ಕಿಂತ ಸಾರಿಗೆಯ ಬಸ್ಸು ಲೇಸು. ಹತ್ತುವವರು ಯಾರು, ಇಳಿಯುವವರು ಯಾರು, ಅವರ ಕೈಯ ಚೀಲದಲ್ಲಿ ಏನಿದೆ ಎಂಬುದು ಬಸ್ಸಿನಲ್ಲಿ ಕುಳಿತವರಿಗೆ ಮಾತ್ರ ತಿಳಿಯುವುದು. ಮಕ್ಕಳನ್ನು ಕರೆದೊಯ್ದವರು ದೇವಿಮನೆಯ ಹತ್ತಿರದ ಯಾವುದಾದರೊಂದು ತಿರುವಿನಲ್ಲಿ, ಒಂದು ಕಾಲಕ್ಕೆ ಹತ್ತಿಯ ಗಾಡಿಗಳು ಇಲ್ಲಿ ಸಾಲುಗಟ್ಟಿ ಇಳಿದವೆಂದು ಹೇಳಿದರೆ, ಶಾಲೆಯ ಪುಸ್ತಕದ ಅಮೆರಿಕೆಯ ಯುದ್ಧವು ಅವರಿಗೆ ಅಷ್ಟು ದೂರದ್ದೆಂದು ತೋರಲಾರದು.